ಅಡ್ವೈಸರ್ ಕೊಡಿಸುವ ಹೋಟೆಲ್ ಸವಲತ್ತು: ಎಷ್ಟು ಲಾಭ, ಎಲ್ಲಿ ನಷ್ಟ?

ಪ್ರಶ್ನೆ: ಮೇಡಂ, ನಮ್ಮ ಮದುವೆಯಾಗಿ 25 ವರ್ಷ ಆಗುತ್ತಿದೆ. ನಾವಿಬ್ಬರು ಮತ್ತು 14 ವರ್ಷದ ಮಗಳು ವಿದೇಶಕ್ಕೆ ಹೊರಟಿದ್ದೇವೆ. ಸಿಂಗಪುರದಲ್ಲಿ 2 ರಾತ್ರಿ, ಟೋಕಿಯೊದಲ್ಲಿ 4 ರಾತ್ರಿ, ಕೊನೆಗೆ ಕ್ಯೋಟೊದಲ್ಲಿ ಜಪಾನಿನ ಸಾಂಪ್ರದಾಯಿಕ ವಸತಿಗೃಹವಾದ ಒಂದು ರ್ಯೋಕಾನ್‌ನಲ್ಲಿ 2 ರಾತ್ರಿ. ಒಮ್ಮೆಯಾದರೂ ಒಳ್ಳೆಯ ಹೋಟೆಲಿನಲ್ಲಿ ಇರಬೇಕು ಅಂತ ವರ್ಷಗಟ್ಟಲೆ ಕೂಡಿಟ್ಟ ಹಣ ಇದು. ಪರಿಚಯದವರೊಬ್ಬರ ಮೂಲಕ ಲಕ್ಷುರಿ ಟ್ರಾವೆಲ್ ಅಡ್ವೈಸರ್ ಒಬ್ಬರು ಸಿಕ್ಕಿದ್ದಾರೆ. ಅವರ ಮೂಲಕ ಬುಕ್ ಮಾಡಿದರೆ ಉಚಿತ ತಿಂಡಿ, 100 ಡಾಲರ್ ಕ್ರೆಡಿಟ್ (ಹೋಟೆಲಿನಲ್ಲಿ ಮಾಡುವ ಖರ್ಚಿಗೆ ಬಿಲ್ಲಿನಲ್ಲಿ ಕಳೆಯುವ ಹಣ), ರೂಮ್ ಅಪ್‌ಗ್ರೇಡ್ ಸಿಗುತ್ತಂತೆ, ಅವರಿಗೆ ನಾವು ಏನೂ ಕೊಡಬೇಕಿಲ್ಲವಂತೆ. ಆದರೆ ಹೋಟೆಲಿನ ವೆಬ್‌ಸೈಟಿನಲ್ಲೇ ಮೊದಲೇ ಹಣ ಕಟ್ಟಿದರೆ ರೇಟು ಕಮ್ಮಿ ಇದೆ. ಪುಕ್ಕಟೆ ಅಂದರೆ ನನಗೆ ಭಯ. ಯಾವುದನ್ನು ನಂಬಲಿ?

ಉತ್ತರ: ಭಯ ಪಡುವಂಥದ್ದು ಏನಿಲ್ಲ. ಆದರೆ ಕಣ್ಣು ಮುಚ್ಚಿ ಹೂಂ ಅನ್ನುವಂಥದ್ದೂ ಅಲ್ಲ. ನಿಮ್ಮ ಮೂರು ಹೋಟೆಲುಗಳಿಗೆ ಮೂರು ಬೇರೆ ಉತ್ತರ ಇದೆ. ಅದನ್ನು ಹೇಳುವ ಮೊದಲು ಈ ಪುಕ್ಕಟೆಯ ಹಣ ಎಲ್ಲಿಂದ ಬರುತ್ತದೆ ಅಂತ ಹೇಳಿಬಿಡುತ್ತೇನೆ. ಅದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ನೀವು ಹೋಟೆಲಿನಿಂದ ಚೆಕ್ ಔಟ್ ಆದ ಮೇಲೆ, ಹೋಟೆಲು ನಿಮ್ಮ ಅಡ್ವೈಸರ್‌ಗೆ ಕಮಿಷನ್ ಕಳಿಸುತ್ತದೆ. ತೆರಿಗೆ ಬಿಟ್ಟು ರೂಮಿನ ಬಾಡಿಗೆಯಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್. ದೊಡ್ಡ ಬುಕಿಂಗ್ ಸೈಟುಗಳಿಗೆ ಹೋಟೆಲುಗಳು ಕೊಡುವುದು ಇದಕ್ಕಿಂತ ಜಾಸ್ತಿ, ಸುಮಾರಾಗಿ 15ರಿಂದ 25 ಪರ್ಸೆಂಟ್. ಅಂದರೆ ಅಡ್ವೈಸರ್ ಮೂಲಕ ಬಂದ ಅತಿಥಿ ಹೋಟೆಲಿಗೆ ಅಗ್ಗಕ್ಕೆ ಸಿಕ್ಕ ಅತಿಥಿ. ಉಳಿದ ದುಡ್ಡಿನಲ್ಲಿ ನಿಮಗೆ ತಿಂಡಿ ಕೊಟ್ಟರೂ ಅವರಿಗೆ ನಷ್ಟ ಇಲ್ಲ. 40 ಡಾಲರ್ ಅಂತ ಬೋರ್ಡು ಹಾಕಿದ ಬಫೆ ಒಬ್ಬರಿಗೆ ಜಾಸ್ತಿ ಬಡಿಸಿದರೆ ಹೋಟೆಲಿಗೆ 40 ಡಾಲರ್ ಖರ್ಚಾಗುವುದಿಲ್ಲ, ಅಲ್ವಾ? ಅದಕ್ಕೇ ಅವರು ಹಣ ಬಿಟ್ಟುಕೊಡುವ ಬದಲು ತಿಂಡಿ, ಕ್ರೆಡಿಟ್ ಕೊಡುತ್ತಾರೆ.

ಅಡ್ವೈಸರ್‌ಗಳು ಹೋಟೆಲ್ ಕಮಿಷನ್‌ಗೆ ಇಷ್ಟು ಒತ್ತು ಕೊಡುವುದಕ್ಕೂ ಒಂದು ಕಾರಣ ಇದೆ. ಮೊದಲು ಟ್ರಾವೆಲ್ ಏಜೆಂಟರ ಹೊಟ್ಟೆಪಾಡು ವಿಮಾನ ಟಿಕೆಟ್ ಮೇಲೆ ನಡೆಯುತ್ತಿತ್ತು. 1995ರಲ್ಲಿ ಅಮೆರಿಕದ ಡೆಲ್ಟಾ ವಿಮಾನ ಕಂಪನಿ ಟಿಕೆಟ್ ಕಮಿಷನ್‌ಗೆ ಮಿತಿ ಹಾಕಿತು. 2002ರಲ್ಲಿ ಮೂಲ ಕಮಿಷನ್ನನ್ನೇ ನಿಲ್ಲಿಸಿತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಉಳಿದುಕೊಂಡ ಏಜೆಂಟರು ಹೋಟೆಲು, ಹಡಗಿನ ಪ್ರವಾಸದ ಕಡೆ ತಿರುಗಿದರು. ವರ್ಚುಯೋಸೊ ಥರದ ಒಕ್ಕೂಟಗಳಿಗೆ ಸೇರಿಕೊಂಡರು. ಹೋಟೆಲ್ ಬ್ರ್ಯಾಂಡುಗಳೂ ತಮ್ಮದೇ ಯೋಜನೆ ಮಾಡಿಕೊಂಡವು. ಫೋರ್ ಸೀಸನ್ಸ್‌ಗೆ ಪ್ರಿಫರ್ಡ್ ಪಾರ್ಟ್ನರ್, ಹಯಾತ್‌ಗೆ ಪ್ರಿವೆ, ಮ್ಯಾರಿಯಟ್‌ಗೆ ಸ್ಟಾರ್ಸ್, ಮ್ಯಾಂಡರಿನ್ ಓರಿಯೆಂಟಲ್‌ಗೆ ಫ್ಯಾನ್ ಕ್ಲಬ್. ಹೆಸರು ಬೇರೆ ಆದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಇಬ್ಬರಿಗೆ ದಿನಾ ತಿಂಡಿ, 100 ಡಾಲರ್ ಆಸುಪಾಸಿನ ಕ್ರೆಡಿಟ್, ಲಭ್ಯ ಇದ್ದರೆ ಅಪ್‌ಗ್ರೇಡ್, ಲಭ್ಯ ಇದ್ದರೆ ಬೇಗ ಚೆಕ್ ಇನ್ ಮತ್ತು ತಡವಾಗಿ ಚೆಕ್ ಔಟ್.

ಇದರಲ್ಲಿ ನಿಮಗೆ ಖಚಿತವಾಗಿ ಸಿಗುವುದು ಮೊದಲಿನ ಎರಡು ಮಾತ್ರ. ಹಾಗಾಗಿ ಲೆಕ್ಕವನ್ನೂ ಆ ಎರಡರ ಮೇಲೇ ಹಾಕಬೇಕು.

ಈಗ ಆ ಕಮ್ಮಿ ರೇಟಿನ ವಿಷಯ. ಅಡ್ವೈಸರ್ ಹಾಕಿಕೊಡುವುದು ಸಾಮಾನ್ಯವಾಗಿ ಒಂದು ತಾರೀಕಿನವರೆಗೆ ರದ್ದು ಮಾಡಬಹುದಾದ ಮಾಮೂಲಿ ರೇಟು. ವೆಬ್‌ಸೈಟಿನಲ್ಲೂ ಅದೇ ರೇಟು ಇರುತ್ತದೆ. ನೀವು ನೋಡಿದ ಕಮ್ಮಿ ರೇಟು ಮೊದಲೇ ಹಣ ಕಟ್ಟುವ, ರದ್ದು ಮಾಡಿದರೆ ಹಣ ವಾಪಸ್ ಬಾರದ ರೇಟು. ಎರಡನ್ನೂ ಪಕ್ಕಪಕ್ಕ ಇಟ್ಟು "ಅಡ್ವೈಸರ್ ಜಾಸ್ತಿ ಹೇಳಿದರು" ಅನ್ನುವುದು ಸರಿಯಲ್ಲ. ಹಾಗಂತ ವ್ಯತ್ಯಾಸವೇ ಇಲ್ಲ ಅನ್ನುವುದೂ ಸರಿಯಲ್ಲ. ನಿಮ್ಮ ತಾರೀಕು ಗಟ್ಟಿಯಾಗಿದ್ದರೆ ಆ ಕಮ್ಮಿ ರೇಟು ನಿಜವಾದ ಉಳಿತಾಯವೇ.

ಲೆಕ್ಕಕ್ಕೆ ಅಂತ ಅಂಕಿ ಹಿಡಿಯೋಣ. ನಿಮ್ಮ ಹೋಟೆಲಿನ ನಿಜವಾದ ರೇಟನ್ನು ಆಮೇಲೆ ನೀವೇ ಹಾಕಿಕೊಳ್ಳಿ. ಸಿಂಗಪುರದ ರೂಮು ಅಡ್ವೈಸರ್ ರೇಟಿನಲ್ಲಿ ರಾತ್ರಿಗೆ 500 ಡಾಲರ್, ಮುಂಗಡ ರೇಟಿನಲ್ಲಿ 450 ಅಂದುಕೊಳ್ಳಿ. ಎರಡು ರಾತ್ರಿಗೆ ವ್ಯತ್ಯಾಸ 100. ಇಬ್ಬರ ತಿಂಡಿ ದಿನಕ್ಕೆ 70 ಅಂದರೆ 140, ಕ್ರೆಡಿಟ್ 100, ಒಟ್ಟು 240. ಒಂದು ಬೆಳಿಗ್ಗೆ ಹೊರಗೆ ತಿಂದರೂ 170 ಉಳಿಯುತ್ತದೆ. ಅಡ್ವೈಸರ್ ರೇಟೇ ಲಾಭ.

ಟೋಕಿಯೊದ್ದು ನೋಡಿ. 700 ಮತ್ತು 630 ಅಂದುಕೊಳ್ಳಿ. ನಾಲ್ಕು ರಾತ್ರಿಗೆ ವ್ಯತ್ಯಾಸ 280. ತಿಂಡಿ ದಿನಕ್ಕೆ 80ರ ಹಾಗೆ 320, ಕ್ರೆಡಿಟ್ ಅದೇ 100. ಒಟ್ಟು 420, ಲಾಭ ಅನಿಸುತ್ತದೆ. ಆದರೆ ಎರಡು ದಿನ ನೀವು ಬೆಳಿಗ್ಗೆ ಬೇಗ ಎದ್ದು ರೈಲು ಹಿಡಿದಿರಿ, ತಿಂಡಿ ತಪ್ಪಿತು ಅಂದುಕೊಳ್ಳಿ. ತಿಂಡಿಯ ಲೆಕ್ಕ 160ಕ್ಕೆ ಇಳಿಯಿತು. ಕ್ರೆಡಿಟ್ ಸೇರಿ 260. ಈಗ ಮುಂಗಡ ರೇಟೇ 20 ಡಾಲರ್ ಮುಂದೆ ಹೋಯಿತು.

ಏನಾಯಿತು ಗೊತ್ತಾಯಿತಲ್ವಾ? ಕ್ರೆಡಿಟ್ ಸಿಗುವುದು ಪ್ರತಿ ರಾತ್ರಿಗೆ ಅಲ್ಲ, ಇಡೀ ವಾಸ್ತವ್ಯಕ್ಕೆ ಒಂದೇ ಸಲ. ಎರಡು ರಾತ್ರಿ ಇದ್ದರೂ 100, ಎಂಟು ರಾತ್ರಿ ಇದ್ದರೂ 100. ಹಾಗಾಗಿ ಕಡಿಮೆ ದಿನ ಇರುವವರಿಗೆ ಈ ಸವಲತ್ತು ಜಾಸ್ತಿ ದಕ್ಕುತ್ತದೆ. ಒಂದೇ ವಾಸ್ತವ್ಯವನ್ನು ಎರಡು ಬುಕಿಂಗ್ ಮಾಡಿ ಎರಡು ಕ್ರೆಡಿಟ್ ತಗೊಳ್ಳೋಣ ಅಂತ ಕೆಲವರು ಕೇಳುತ್ತಾರೆ. ಬೇಡ. ಬೆನ್ನಿಗೆ ಬೆನ್ನು ಹತ್ತಿದ ಬುಕಿಂಗುಗಳನ್ನು ಒಂದೇ ವಾಸ್ತವ್ಯ ಅಂತ ಲೆಕ್ಕ ಹಿಡಿಯುತ್ತಾರೆ.

ಲೆಕ್ಕ ಹಾಕುವಾಗ ನಾನು ಪಾಲಿಸುವ ಒಂದೇ ನಿಯಮ ಇದು. ಸವಲತ್ತು ಇಲ್ಲದಿದ್ದರೆ ನೀವೇ ಕೈಯಿಂದ ಎಷ್ಟು ಕೊಡುತ್ತಿದ್ದಿರಿ, ಅಷ್ಟೇ ಅದರ ಬೆಲೆ. ಹೋಟೆಲಿನ ಕಾರ್ಡಿನಲ್ಲಿ ತಿಂಡಿಗೆ 40 ಡಾಲರ್ ಇರಬಹುದು. ನೀವು ಕಾಫಿ ಕುಡಿದು ಎರಡು ತುಂಡು ಬ್ರೆಡ್ ತಿನ್ನುವವರಾದರೆ ಅದರ ಬೆಲೆ ನಿಮಗೆ 8 ಡಾಲರ್. ಸ್ಪಾಗೆ ಮಾತ್ರ ಬಳಸಬಹುದಾದ ಕ್ರೆಡಿಟ್, ಸ್ಪಾಗೆ ಕಾಲಿಡದವರಿಗೆ ಸೊನ್ನೆ. ಕೆಲವರು ಚೆಕ್ ಔಟ್ ದಿನ ಕ್ರೆಡಿಟ್ ಹಾಳಾಗುತ್ತದೆ ಅಂತ ಬೇಡದ ಊಟ ಆರ್ಡರ್ ಮಾಡಿ, 100ರ ಮೇಲೆ ಇನ್ನೂ 60 ಕೊಟ್ಟು ಬರುತ್ತಾರೆ. ಅದನ್ನು ಉಳಿತಾಯ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಮಾತು. ಸಿಂಗಪುರದಲ್ಲಿ ರೇಟಿನ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್, ಅದರ ಮೇಲೆ 9 ಪರ್ಸೆಂಟ್ ತೆರಿಗೆ ಸೇರುತ್ತದೆ ಅಂತ ಅರ್ಥ. 500 ಅಂದಿದ್ದು ಹತ್ತಿರ ಹತ್ತಿರ 600 ಆಗುತ್ತದೆ. ಒಂದು ಕಡೆ ತೆರಿಗೆ ಸೇರಿಸಿದ ರೇಟು, ಇನ್ನೊಂದು ಕಡೆ ಸೇರಿಸದ ರೇಟು ಇಟ್ಟುಕೊಂಡು ಹೋಲಿಸಿ ಮೋಸ ಹೋದವರನ್ನು ಬಹಳ ನೋಡಿದ್ದೇನೆ.

ಈಗ ಅಪ್‌ಗ್ರೇಡ್. ಎಲ್ಲರ ಕಣ್ಣೂ ಇದರ ಮೇಲೇ ಇರುತ್ತದೆ. ಆದರೆ ನಂಬಬಾರದ್ದೂ ಇದೇ.

ನಾನು ಅಡ್ವೈಸರ್ ಆಗುವ ಮೊದಲು ಹತ್ತು ವರ್ಷ ಹೋಟೆಲಿನ ಫ್ರಂಟ್ ಆಫೀಸಿನಲ್ಲಿ ಕೆಲಸ ಮಾಡಿದ್ದೆ. ಬೆಳಿಗ್ಗೆ 7ಕ್ಕೆ ಅಂದಿನ ಅರೈವಲ್ ಲಿಸ್ಟ್ ಕೈಗೆ ಬರುತ್ತಿತ್ತು. ಒಂದೊಂದು ಸಾಲಿನಲ್ಲಿ ಹೆಸರು, ರೂಮಿನ ದರ್ಜೆ, ರೇಟ್ ಕೋಡ್, ಬರುವ ಸಮಯ, ಕೊನೆಯಲ್ಲಿ ಒಂದು ಸಣ್ಣ ಟಿಪ್ಪಣಿ. ಹೈಲೈಟರ್ ಹಿಡಿದು ಕೂತು ಯಾರಿಗೆ ಯಾವ ರೂಮು ಅಂತ ಗುರುತು ಹಾಕುವುದು ನನ್ನ ಕೆಲಸ. ಮೊದಲು ಮತ್ತೆ ಮತ್ತೆ ಬರುವ ಅತಿಥಿಗಳು, ಹೋಟೆಲಿನ ಸದಸ್ಯತ್ವದಲ್ಲಿ ಮೇಲಿನ ದರ್ಜೆಯವರು. ಆಮೇಲೆ ಅಡ್ವೈಸರ್ ಕೋಡ್ ಇರುವವರು. ಆಮೇಲೆ ನೇರವಾಗಿ ಬುಕ್ ಮಾಡಿದವರು. ಕೊನೆಗೆ ಬುಕಿಂಗ್ ಸೈಟಿನವರು. ಅತಿಥಿ ಮಧ್ಯಾಹ್ನ ಕೌಂಟರ್ ಮುಂದೆ ನಿಂತು ನಗುತ್ತಾ "ಅಪ್‌ಗ್ರೇಡ್ ಇದೆಯಾ?" ಅಂತ ಕೇಳುವ ಹೊತ್ತಿಗೆ ನಮ್ಮ ಒಳ್ಳೆಯ ರೂಮುಗಳೆಲ್ಲ ಹಂಚಿ ಮುಗಿದಿರುತ್ತಿದ್ದವು.

ಆ ಲಿಸ್ಟಿನಲ್ಲಿ ನನ್ನ ಕೈ ನಿಲ್ಲಿಸುತ್ತಿದ್ದದ್ದು ಟಿಪ್ಪಣಿ. ಸುಮ್ನೆ "ಅಪ್‌ಗ್ರೇಡ್ ಕೊಡಿ" ಅಂತ ಇದ್ದರೆ ಕಣ್ಣು ಮುಂದೆ ಹೋಗುತ್ತಿತ್ತು. "ಜೊತೆಯಲ್ಲಿ ತಾಯಿ ಇದ್ದಾರೆ, ಮೊಣಕಾಲು ನೋವು, ಲಿಫ್ಟ್ ಹತ್ತಿರದ ರೂಮು ಬೇಕು" ಅಂತ ಇದ್ದರೆ ನಿಲ್ಲುತ್ತಿದ್ದೆ. ಒಳ್ಳೆಯ ಅಡ್ವೈಸರ್ ಬರೆಯುವುದು ಈ ಥರದ ಸಾಲು.

ಅಪ್‌ಗ್ರೇಡ್ ಯಾವಾಗಲೂ ಒಳ್ಳೆಯದು ಅಂತಲೂ ಇಲ್ಲ. ಒಂದು ದಿನ ತಾಯಿ ಮಗಳು ಬಂದಿದ್ದರು. ಎರಡು ಬೇರೆ ಹಾಸಿಗೆ ಇರುವ ರೂಮು ಬುಕ್ ಆಗಿತ್ತು. ಖುಷಿಪಡಲಿ ಅಂತ ಒಂದು ದರ್ಜೆ ಮೇಲಿನ, ಇಡೀ ನಗರ ಕಾಣುವ ಮೂಲೆಯ ರೂಮು ಕೊಟ್ಟೆ. ಒಳಗೆ ಇದ್ದದ್ದು ಒಂದೇ ದೊಡ್ಡ ಮಂಚ. ತಾಯಿಗೆ ರಾತ್ರಿ ಮೂರ್ನಾಲ್ಕು ಸಲ ಏಳುವ ಅಭ್ಯಾಸ. ಮಾರನೇ ದಿನ ಬೆಳಿಗ್ಗೆ ಮಗಳು ಕೆಂಪಾದ ಕಣ್ಣಿನಲ್ಲಿ ಕೌಂಟರಿಗೆ ಬಂದು, ಸಂಕೋಚದಿಂದ ಹಳೆಯ ರೂಮನ್ನೇ ಕೇಳಿದರು. ಅವತ್ತಿನಿಂದ ಹಾಸಿಗೆಯ ವಿಷಯ ಕೇಳದೆ ನಾನು ಯಾರಿಗೂ ರೂಮು ಬದಲಿಸಲಿಲ್ಲ. ನೀವೂ ನಿಮ್ಮ ಅಡ್ವೈಸರ್‌ಗೆ ಮೊದಲೇ ಹೇಳಿ: ಹಾಸಿಗೆ ಬದಲಾಗುವುದಾದರೆ ಅಪ್‌ಗ್ರೇಡ್ ಬೇಡ.

ಒಂದು ದರ್ಜೆ ಮೇಲೆ ಅಂದರೆ ಏನು ಅಂತಲೂ ನೋಡಿಕೊಳ್ಳಿ. ನಗರದ ಹೋಟೆಲುಗಳಲ್ಲಿ ಎಷ್ಟೋ ಸಲ ಅದು ಅದೇ ಅಳತೆಯ, ಅದೇ ಮಂಚದ, ನಾಲ್ಕು ಮಹಡಿ ಮೇಲಿನ ರೂಮು ಅಷ್ಟೇ. ಸೂಟ್ ಸಿಗುತ್ತದೆ ಅಂತ ಕಾಯಬೇಡಿ. ಸಮಯವೂ ಮುಖ್ಯ. ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲಿಗೆ ಚೆರ್ರಿ ಹೂವು ಬಿಡುವಾಗ ಟೋಕಿಯೊ ಹೋಟೆಲುಗಳು ತುಂಬಿ ತುಳುಕುತ್ತವೆ. ಆಗ ಕೊಡಲು ಅವರ ಬಳಿಯೇ ಏನೂ ಇರುವುದಿಲ್ಲ. ವ್ಯಾಪಾರಸ್ಥರೇ ಜಾಸ್ತಿ ಬರುವ ಹೋಟೆಲಿಗೆ ಭಾನುವಾರ ಹೋಗಿ ಇಳಿದರೆ ಅದೃಷ್ಟ ಚೆನ್ನಾಗಿರುತ್ತದೆ. ಇದರಲ್ಲಿ ಹಯಾತ್ ಪ್ರಿವೆ ಸ್ವಲ್ಪ ಬೇರೆ. ಅಲ್ಲಿ ರೂಮು ಇದ್ದರೆ ಬುಕ್ ಆದ 24 ಗಂಟೆಯೊಳಗೆ ಒಂದು ದರ್ಜೆ ಮೇಲಿನದನ್ನು ಖಚಿತ ಮಾಡುವ ಪದ್ಧತಿ ಇದೆ. ಕಾಗದದ ಮೇಲೆ ಬಂದ ಅಪ್‌ಗ್ರೇಡ್‌ಗೆ ನಾನು ಬೆಲೆ ಕಟ್ಟುತ್ತೇನೆ. ಉಳಿದದ್ದಕ್ಕೆ ಸೊನ್ನೆ ಹಾಕುತ್ತೇನೆ. ಸಿಕ್ಕರೆ ಸಂತೋಷ.

ಬೇಗ ಚೆಕ್ ಇನ್ ಕೂಡ ಇದೇ ಜಾತಿ. ನಿಮ್ಮ ವಿಮಾನ ಸಿಂಗಪುರದಲ್ಲಿ ಬೆಳಗ್ಗೆ 6ಕ್ಕೆ ಇಳಿಯುವುದಾದರೆ, 3 ಗಂಟೆಯ ಚೆಕ್ ಇನ್‌ವರೆಗೆ ಕಾಯಬೇಕಾದೀತು. ಆ ಹೊತ್ತಿಗೆ ರೂಮು ಬೇಕೇ ಬೇಕು ಅಂದರೆ ಹಿಂದಿನ ರಾತ್ರಿಯನ್ನೂ ಬುಕ್ ಮಾಡುವುದೊಂದೇ ಗ್ಯಾರಂಟಿ ದಾರಿ. ಹಾಗೆ ಮಾಡಿದರೆ "ಬೆಳಗಿನ ಜಾವ ಬರುತ್ತೇವೆ" ಅಂತ ಹೋಟೆಲಿಗೆ ಬರೆದು ತಿಳಿಸಲೇಬೇಕು. ಇಲ್ಲದಿದ್ದರೆ ರಾತ್ರಿ ಬರಲಿಲ್ಲ ಅಂತ ಬುಕಿಂಗನ್ನೇ ತೆಗೆದುಹಾಕಬಹುದು. ತಿಂಡಿಯ ಲೆಕ್ಕವೂ ಚೆಕ್ ಇನ್ ಆದ ಮಾರನೇ ಬೆಳಿಗ್ಗೆಯಿಂದ ಶುರು. ಹಿಂದಿನ ರಾತ್ರಿ ಬುಕ್ ಮಾಡಿರದಿದ್ದರೆ ಇಳಿದ ದಿನದ ತಿಂಡಿ ಸಾಮಾನ್ಯವಾಗಿ ಸೇರುವುದಿಲ್ಲ. ತಡವಾದ ಚೆಕ್ ಔಟ್ ನಿಮಗೆ ಬಹಳ ಮುಖ್ಯ ಅನಿಸಿದರೆ, ಅಮೆರಿಕನ್ ಎಕ್ಸ್‌ಪ್ರೆಸ್‌ನ ದುಬಾರಿ ಕಾರ್ಡುಗಳ ಜೊತೆ ಬರುವ ಫೈನ್ ಹೋಟೆಲ್ಸ್ ಅಂಡ್ ರೆಸಾರ್ಟ್ಸ್ ಯೋಜನೆಯಲ್ಲಿ ಸಂಜೆ 4ರ ಚೆಕ್ ಔಟ್‌ಗೆ ಗ್ಯಾರಂಟಿ ಇರುತ್ತದೆ. ಆದರೆ ಅದೊಂದಕ್ಕಾಗಿ ಕಾರ್ಡು ಮಾಡಿಸಲು ಹೋಗಬೇಡಿ.

ನಿಮ್ಮಲ್ಲಿ ಯಾರಿಗಾದರೂ ಹೋಟೆಲ್ ಸದಸ್ಯತ್ವದಲ್ಲಿ ಮೇಲಿನ ದರ್ಜೆ ಇದೆಯಾ? ಇದ್ದರೆ ಲೆಕ್ಕ ಬದಲಾಗುತ್ತದೆ. ಹಯಾತ್‌ನಲ್ಲಿ ಗ್ಲೋಬಲಿಸ್ಟ್ ಅನ್ನುವ ಮೇಲಿನ ದರ್ಜೆಯವರಿಗೆ ತಿಂಡಿ ಹೇಗೂ ಸಿಗುತ್ತದೆ. ಅಡ್ವೈಸರ್ ತಿಂಡಿ ಸೇರಿದರೆ ಎರಡು ಸಲ ತಿನ್ನಲು ಆಗುವುದಿಲ್ಲ. ಅದೇ ಮ್ಯಾರಿಯಟ್ ಗುಂಪಿನ ರಿಟ್ಜ್ ಕಾರ್ಲ್‌ಟನ್‌ನಲ್ಲಿ ಪ್ಲಾಟಿನಂ ಸದಸ್ಯರಿಗೂ ಉಚಿತ ತಿಂಡಿ ಇಲ್ಲ. ಅಲ್ಲಿ ಸ್ಟಾರ್ಸ್ ಮೂಲಕ ಹೋದರೆ ತಿಂಡಿ ಬರುತ್ತದೆ. ಫೋರ್ ಸೀಸನ್ಸ್‌ನಲ್ಲಂತೂ ಪಾಯಿಂಟ್ ಯೋಜನೆಯೇ ಇಲ್ಲ. ಅಲ್ಲಿ ಸುಮ್ನೆ ನೇರವಾಗಿ ಮಾಮೂಲಿ ರೇಟಿಗೆ ಬುಕ್ ಮಾಡುವವರು ಅದೇ ಹಣಕ್ಕೆ ಸಿಗುವ ತಿಂಡಿ, ಕ್ರೆಡಿಟ್ ಬಿಟ್ಟುಕೊಡುತ್ತಿದ್ದಾರೆ. ಅದು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಪಾಯಿಂಟ್ ಕೊಟ್ಟು ಮಾಡುವ ಬುಕಿಂಗಿಗೆ ಮಾತ್ರ ಇವು ಯಾವುವೂ ಅನ್ವಯ ಆಗುವುದಿಲ್ಲ.

ಇಷ್ಟೆಲ್ಲ ಬರೆದರೂ ನಿಮ್ಮ ಪ್ರವಾಸದಲ್ಲಿ ನನಗೆ ಚಿಂತೆ ಇರುವುದು ತಿಂಡಿಯದ್ದಲ್ಲ, ಮಗಳದ್ದು. ಮೂರನೇ ವ್ಯಕ್ತಿಯನ್ನು ನೀವು ಲೆಕ್ಕಕ್ಕೆ ಹಿಡಿದಿದ್ದೀರಾ? ಸವಲತ್ತಿನ ತಿಂಡಿ ಇಬ್ಬರಿಗೆ ಮಾತ್ರ. 14 ವರ್ಷದ ಹುಡುಗಿಯನ್ನು ಬಹಳ ಹೋಟೆಲುಗಳು ದೊಡ್ಡವಳು ಅಂತಲೇ ಲೆಕ್ಕ ಹಿಡಿಯುತ್ತವೆ. ಅವಳ ತಿಂಡಿಗೆ ಪೂರ್ತಿ ದುಡ್ಡು. ಅದಕ್ಕಿಂತ ದೊಡ್ಡದು ರೂಮು. ಟೋಕಿಯೊದ ಎಷ್ಟೋ ರೂಮುಗಳಲ್ಲಿ ಇಬ್ಬರಿಗಷ್ಟೇ ಜಾಗ. ಮೂವರು ಅಂತ ಹೇಳದೆ ಬುಕ್ ಮಾಡಿದರೆ ಕೌಂಟರಿನಲ್ಲಿ ತೊಂದರೆ ಆಗುತ್ತದೆ.

ಹಾಗಾಗಿ ನಿಮಗೆ ಎರಡು ರೂಮು ಬೇಕಾಗಬಹುದು. ಇಲ್ಲಿ ಒಂದು ಮಾತಿನ ವ್ಯತ್ಯಾಸ ಗಮನಿಸಿ. ಅಡ್ಜಾಯ್ನಿಂಗ್ ಅಂದರೆ ಪಕ್ಕಪಕ್ಕದ ರೂಮು. ಕನೆಕ್ಟಿಂಗ್ ಅಂದರೆ ನಡುವೆ ಒಳಬಾಗಿಲು ಇರುವ ರೂಮು. ಮಗಳು ಒಬ್ಬಳೇ ಮಲಗುವುದಾದರೆ ನಿಮಗೆ ಬೇಕಾದದ್ದು ಎರಡನೆಯದು. ವೆಬ್‌ಸೈಟಿನಲ್ಲಿ ಬುಕ್ ಮಾಡಿದರೆ ಅದು ಬರೀ ವಿನಂತಿಯಾಗಿ ದಾಖಲಾಗುವುದೇ ಜಾಸ್ತಿ. ಅಡ್ವೈಸರ್ ಹೋಟೆಲಿನ ಸೇಲ್ಸ್ ವಿಭಾಗಕ್ಕೆ ನೇರವಾಗಿ ಬರೆದು ಅದನ್ನು ಖಚಿತ ಮಾಡಿಸಿಕೊಡಬಲ್ಲರು. ಒಂದು ಸಮಾಧಾನ ಏನೆಂದರೆ ಸವಲತ್ತು ಸಾಮಾನ್ಯವಾಗಿ ರೂಮಿನ ಲೆಕ್ಕದಲ್ಲಿ ಸಿಗುತ್ತದೆ. ಎರಡು ರೂಮಿಗೆ ಎರಡು ಕ್ರೆಡಿಟ್, ಮೂವರಿಗೂ ತಿಂಡಿ. ಆದರೆ ರೇಟಿನ ವ್ಯತ್ಯಾಸವೂ ಎರಡು ರೂಮಿಗೆ ಆಗುತ್ತದೆ, ಹಾಗಾಗಿ ಟೋಕಿಯೊ ಲೆಕ್ಕವನ್ನು ಮತ್ತೆ ಹಾಕಿ ನೋಡಿ. ಅಲ್ಲಿ ಅಡ್ವೈಸರ್ ಕಡೆ ವಾಲಲು ನಿಜವಾದ ಕಾರಣ ಆ ಒಳಬಾಗಿಲು.

ಕ್ಯೋಟೊದ ರ್ಯೋಕಾನ್ ವಿಷಯ ಬೇಗ ಮುಗಿಯುತ್ತದೆ. ಅಲ್ಲಿ ರೇಟು ಹೇಳುವುದೇ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ, ರಾತ್ರಿಯ ಊಟ ಮತ್ತು ಬೆಳಗಿನ ತಿಂಡಿ ಸೇರಿಸಿ. ಹಾಗಿದ್ದ ಮೇಲೆ ಉಚಿತ ತಿಂಡಿ ಅನ್ನುವ ಮಾತಿಗೆ ಅರ್ಥ ಇಲ್ಲ. ಅಲ್ಲಿಗೆ ನೇರವಾಗಿ ಬುಕ್ ಮಾಡಿ. ಮಾಂಸ, ಮೀನು ತಿನ್ನದವರು ಇದ್ದರೆ ಬುಕ್ ಮಾಡುವಾಗಲೇ ತಿಳಿಸಿ. ಮೀನಿನ ಸಾರು ಅವರ ಅಡುಗೆಯ ಬುಡದಲ್ಲೇ ಇರುತ್ತದೆ, ಹೋದ ಮೇಲೆ ಹೇಳಿದರೆ ಬದಲಿಸಲು ಆಗುವುದಿಲ್ಲ.

ಇನ್ನು ನಿಮ್ಮ ಅಡ್ವೈಸರ್ ಬಗ್ಗೆ. ಅವರಿಗೆ ನೀವು ಏನೂ ಕೊಡಬೇಕಿಲ್ಲ ಅಂದದ್ದು ಸುಳ್ಳಲ್ಲ, ಕೆಲವರು ಪ್ಲಾನಿಂಗ್ ಫೀ ತಗೊಳ್ಳುತ್ತಾರೆ, ಕೆಲವರು ತಗೊಳ್ಳುವುದಿಲ್ಲ. ಆದರೆ ಕಮಿಷನ್ ಮೇಲೆ ಬದುಕುವವರಿಗೆ ದುಬಾರಿ ರೂಮು ಮಾರಿದಷ್ಟೂ ಲಾಭ. ಕಮಿಷನ್ ಕೊಡದ ಹೋಟೆಲಿನ ಹೆಸರು ಅವರ ಬಾಯಲ್ಲಿ ಬರದೇ ಇರಬಹುದು. ಇದನ್ನು ಪರೀಕ್ಷಿಸಲು ಒಂದು ಪ್ರಶ್ನೆ ಸಾಕು: "ನಮ್ಮಂಥವರಿಗೆ ಟೋಕಿಯೊದಲ್ಲಿ ಯಾವ ದೊಡ್ಡ ಹೋಟೆಲ್ ಬೇಡ ಅಂತೀರಿ, ಯಾಕೆ?" ಉತ್ತರದಲ್ಲಿ ಹೆಸರೂ ಕಾರಣವೂ ಇದ್ದರೆ ಅವರಿಗೆ ಕೆಲಸ ಗೊತ್ತಿದೆ. "ಎಲ್ಲವೂ ಚೆನ್ನಾಗಿವೆ" ಅಂದರೆ ಮುಂದೆ ಹೋಗಿ. ರ್ಯೋಕಾನ್ ನೇರವಾಗಿ ಮಾಡಿಕೊಳ್ಳಿ ಅಂತ ಅವರಾಗೇ ಹೇಳಿದರೆ, ಆ ಅಡ್ವೈಸರನ್ನು ಬಿಡಬೇಡಿ.

ಒಳ್ಳೆಯ ಅಡ್ವೈಸರ್ ಬೆಲೆ ಗೊತ್ತಾಗುವುದು ಏನಾದರೂ ಕೆಟ್ಟಾಗ. ನನ್ನ ಒಬ್ಬ ಗ್ರಾಹಕರಿಗೆ ಒಂದು ಹೋಟೆಲಿನಲ್ಲಿ ಬಿಲ್ಲಿನಿಂದ ಕ್ರೆಡಿಟ್ ಕಳೆಯುವುದನ್ನೇ ಮರೆತಿದ್ದರು. ಅವಸರದಲ್ಲಿ ಸಹಿ ಹಾಕಿ ಹೊರಟವರು ವಿಮಾನದಲ್ಲಿ ಕೂತು ಬಿಲ್ಲು ನೋಡಿದರು. ಬುಕಿಂಗ್ ಖಚಿತಪಡಿಸಿದ ಪತ್ರದಲ್ಲಿ ಸವಲತ್ತುಗಳ ಪಟ್ಟಿ ಇತ್ತು. ಅದನ್ನು ಲಗತ್ತಿಸಿ ನಾನು ಹೋಟೆಲಿಗೆ ಬರೆದೆ. ಹತ್ತು ದಿನದಲ್ಲಿ ಅವರ ಕಾರ್ಡಿಗೆ ಹಣ ವಾಪಸ್ ಬಂತು. ಆ ಪಟ್ಟಿ ಇಲ್ಲದಿದ್ದರೆ ನನ್ನ ಮಾತಿಗೆ ಆಧಾರವೇ ಇರುತ್ತಿರಲಿಲ್ಲ.

ಆದ್ದರಿಂದ ಹಣ ಕೊಡುವ ಮೊದಲು ಅಡ್ವೈಸರ್‌ಗೆ ಒಂದು ಇಮೇಲ್ ಬರೆಯಿರಿ. ಸಿಂಗಪುರಕ್ಕೆ ಮೂವರಿಗೆ ಜಾಗ ಇರುವ ರೂಮು, ಟೋಕಿಯೊಗೆ ಒಳಬಾಗಿಲಿನ ಎರಡು ರೂಮು ಕೇಳಿ. ತೆರಿಗೆ ಸೇರಿದ ಒಟ್ಟು ರೇಟು ಎಷ್ಟು, ಯಾವ ತಾರೀಕಿನವರೆಗೆ ರದ್ದು ಮಾಡಬಹುದು, ತಿಂಡಿ ಪೂರ್ತಿ ಬಫೆಯೋ ಬರೀ ಬ್ರೆಡ್ಡು ಕಾಫಿಯೋ, ಕ್ರೆಡಿಟ್ ಯಾವುದಕ್ಕೆ ಬಳಸಬಹುದು ಅಂತ ಕೇಳಿ. ಹೋಟೆಲಿನಿಂದಲೇ ಬರುವ ಖಚಿತ ಪತ್ರದಲ್ಲಿ ಇವೆಲ್ಲ ಇರಬೇಕು ಅಂತಲೂ ಹೇಳಿ. 25ನೇ ವರ್ಷದ ವಿಷಯವನ್ನೂ ಅದರಲ್ಲೇ ಸೇರಿಸಿ. ಬೆಳಿಗ್ಗೆ 7ಕ್ಕೆ ಹೈಲೈಟರ್ ಹಿಡಿದು ಕೂತವರು ಆ ಸಾಲನ್ನು ಖಂಡಿತ ಓದುತ್ತಾರೆ.